ನನ್ನ ಎಂಸಿಎ, ಅತ್ತೆಯ ಆಷಾಢ

ನನ್ನ ಅತ್ತೆಯ ಮೂಗಿನಲ್ಲಿ ಮುತ್ತಿನ ನತ್ತು ಇತ್ತು. ಸಿಟ್ಟು ಬಂದರೆ ಅದು ಅಲುಗಾಡುತ್ತಿತ್ತು. ನಗು ಬಂದರೆ ಮಾತ್ರ ಗಟ್ಟಿಯಾಗಿ ನಿಂತುಬಿಡುತ್ತಿತ್ತು. ಹಿರಿಯರ ಮುಂದೆ ನಗಬಾರದೆಂದು ಚಿಕ್ಕಂದಿನಲ್ಲಿ ಕಲಿತವರು ಅವರು. ನಗೆ ಬಂದ ಕೂಡಲೇ ಉಸಿರು ಬಿಗಿಹಿಡಿದು ತಡೆಯುತ್ತಿದ್ದರು. ತಡೆಯಲಾಗದೆ ಹೋದಾಗ ಸೆರಗು ಬಾಯಿಗೆ ಹೋಗುತ್ತಿತ್ತು, ಭುಜಗಳು ಕುಣಿಯುತ್ತಿದ್ದವು. ಹಳಿಯಾಳದ ಆ ಮನೆಗೆ ಸೊಸೆಯಾಗಿ ಹೋದ ಮೊದಲ ವಾರದಲ್ಲೇ ನಾನು ಈ ಗುಟ್ಟು ಕಲಿತುಕೊಂಡೆ. ಅತ್ತೆಯ ಮಾತು ಎಷ್ಟೇ ಬಿರುಸಾಗಿರಲಿ, ಹೆದರುವ ಮುಂಚೆ ಒಮ್ಮೆ ನತ್ತು ನೋಡಬೇಕು.

ನಾನು ಜೋಯಿಡಾ ಕಡೆಯವಳು. ಅಪ್ಪ ಕನ್ನಡ ಶಾಲೆಯ ಮಾಸ್ತರರು. ತೊಂಬತ್ತರ ದಶಕದ ಕೊನೆಗೆ ಧಾರವಾಡದ ಹಾಸ್ಟೆಲಿನಲ್ಲಿದ್ದುಕೊಂಡು ಎಂಸಿಎ ಓದುತ್ತಿದ್ದೆ. ಮೂರು ವರ್ಷದ ಓದಿನಲ್ಲಿ ಅರ್ಧ ಮುಗಿದಿತ್ತು. ಕಂಪ್ಯೂಟರಿನಲ್ಲಿ ಸ್ನಾತಕೋತ್ತರ ಪದವಿ ಎಂದರೆ ನಮ್ಮೂರಿನವರಿಗೆ ಅದು ಟೈಪಿಂಗ್ ಕ್ಲಾಸಿನ ದೊಡ್ಡಣ್ಣ ಅಷ್ಟೆ. ಅದಕ್ಕೆ ಮೂರು ವರ್ಷ ಯಾಕೆ ಬೇಕು, ಈ ಹುಡುಗಿಯ ಬೆರಳು ಅಷ್ಟು ನಿಧಾನವೇ ಎಂದು ಅಪ್ಪನನ್ನು ಕೇಳಿದವರೂ ಇದ್ದರು. ಹೀಗಿರುವಾಗ ಹಳಿಯಾಳದಿಂದ ಸಂಬಂಧ ಬಂತು. ಹುಡುಗ ದಾಂಡೇಲಿಯ ಮಿಲ್ಲಿನಲ್ಲಿ ನೌಕರಿಯಲ್ಲಿದ್ದ.

ನೋಡಲು ಬಂದ ಗಂಡಸರು ಅವಲಕ್ಕಿ, ಚಹಾ ಮುಗಿಸಿ ಪಡಸಾಲೆಯಲ್ಲಿ ಜಾತಕ, ಮುಹೂರ್ತ ಎನ್ನುತ್ತ ಕೂತರು. ಅತ್ತೆ ನೆಟ್ಟಗೆ ಒಳಗೆ ಬಂದು ನನ್ನ ಪಕ್ಕ ನೆಲದ ಮೇಲೆ ಕೂತರು. ಎತ್ತರದ ಆಳು, ಮೊಣಕೈವರೆಗೆ ಹಸಿರು ಹಚ್ಚೆ. ಹಾಡಲು ಹೇಳುತ್ತಾರೇನೋ, ನಡೆದು ತೋರಿಸು ಎನ್ನುತ್ತಾರೇನೋ ಎಂದು ನಾನು ಕಾಯುತ್ತಿದ್ದೆ.

"ನಿನ್ನ ಓದು ಇನ್ನ ಎಷ್ಟು ಉಳದೈತಿ?"

"ಒಂದೂವರಿ ವರ್ಷರಿ."

"ನಡುವ ಬಿಟ್ರ ಏನರ ಕೈಗೆ ಹತ್ತತೈತೇನು? ಅರ್ಧಾ ಓದೀರಿ ಅಂತ ಅರ್ಧಾ ಸರ್ಟಿಫಿಕೇಟ್?"

"ಏನೂ ಸಿಗೂದಿಲ್ಲರಿ."

"ಹಂಗಾರ ಬಿಡಬಾರದು," ಎಂದರು. "ಅರ್ಧಾ ಬೆಂದ ಕಾಳು ನಾಯಿಗೂ ಬ್ಯಾಡ, ನೆಂಟರಿಗೂ ಬ್ಯಾಡ." ಎದ್ದು ಹೋಗಿ ಪಡಸಾಲೆಯ ಬಾಗಿಲಲ್ಲಿ ನಿಂತು, ಹುಡುಗಿ ಓದು ಮುಗಿಸುತ್ತಾಳೆ, ಅದು ಕಬೂಲಿದ್ದರೆ ಮುಂದಿನ ಮಾತು ಎಂದು ತಮ್ಮ ಕಡೆಯ ಗಂಡಸರಿಗೇ ಹೇಳಿದರು. ಷರತ್ತು ಹಾಕಬೇಕಾದವರು ನಾವು, ಹಾಕಿದವರು ಬೀಗರು. ಅಪ್ಪ ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಳ್ಳುತ್ತ ಸುಮ್ಮನೆ ನಕ್ಕರು.

ಆ ವರ್ಷದ ದೀಪಾವಳಿ ಕಳೆದ ಮೇಲೆ ಮದುವೆಯಾಯಿತು. ಹಾಸ್ಟೆಲಿನ ಕೋಣೆ ಬಿಟ್ಟುಕೊಟ್ಟು ದಿನಾ ಹಳಿಯಾಳದಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಓಡಾಡತೊಡಗಿದೆ. ನಾನು ಏಳುವ ಹೊತ್ತಿಗೆ ಅತ್ತೆ ರೊಟ್ಟಿ ಬಡಿಯುವ ಸದ್ದು ಓಣಿಯ ತುದಿಗೆ ಕೇಳುತ್ತಿತ್ತು. ನನ್ನ ಡಬ್ಬಿ ನೋಡಿದರೆ ಕೂಲಿಯವರ ಗುಂಪಿಗೆ ಬುತ್ತಿ ಹೊರಟಂತಿರುತ್ತಿತ್ತು. ಹಾಸ್ಟೆಲಿನ ಹುಡುಗಿಯರಿಗೆ ಅನ್ನ ಹಿಡಿಸುವುದಿಲ್ಲವಂತೆ ಎಂದು ಒಮ್ಮೆ ಬಾಯಿತಪ್ಪಿ ಹೇಳಿದ್ದೆ. ಆಮೇಲೆ ಇಡೀ ಕ್ಲಾಸಿಗೆ ಪುಂಡಿಪಲ್ಯ, ಶೇಂಗಾ ಚಟ್ನಿ ಹೊರುವುದು ನನ್ನ ಪಾಲಿಗೆ ಬಂತು. ನಾನು ಬಸ್ಸು ತಪ್ಪಿಸಿಕೊಂಡ ದಿನ ನನ್ನ ಗೆಳತಿಯರು ಪಾಠ ತಪ್ಪಿದ್ದಕ್ಕೆ ಮರುಗಿದ್ದನ್ನು ನಾನು ಕಾಣೆ. ರೊಟ್ಟಿ ತಪ್ಪಿದ್ದಕ್ಕೆ ಮಾತ್ರ ಮಾರನೆಯ ದಿನವೂ ಬೈಯುತ್ತಿದ್ದರು.

ಸಂಜೆ ಬಂದರೆ ಅತ್ತೆಗೆ ಲೆಕ್ಕ ಒಪ್ಪಿಸಬೇಕು. ಅವರು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವರು. ಬೆಳ್ಳುಳ್ಳಿ ಬಿಡಿಸುತ್ತ, ಇವತ್ತು ಏನು ಕಲಿಸಿದರು ಎಂದು ಕೇಳುತ್ತಿದ್ದರು. ಏನೋ ಒಂದು ಹೇಳಿ ಪಾರಾಗುವಂತಿರಲಿಲ್ಲ, ತಿಳಿಯುವ ತನಕ ಬಿಡುತ್ತಿರಲಿಲ್ಲ. ಒಮ್ಮೆ ಸ್ಟ್ಯಾಕ್ ಎಂದರೆ ಏನೆಂದು ಹೇಳಿದೆ. ಕೊನೆಗೆ ಇಟ್ಟಿದ್ದನ್ನು ಮೊದಲು ತೆಗೆಯಬೇಕು, ಬುಟ್ಟಿಯಲ್ಲಿನ ರೊಟ್ಟಿಯ ಹಾಗೆ.

"ಹಂಗಾರ ತಳದಾನ ರೊಟ್ಟಿ ಪಾಳಿ ಯಾವಾಗ?"

"ಮ್ಯಾಲಿನವು ಎಲ್ಲಾ ಖಾಲಿ ಆದ ಮ್ಯಾಲರಿ."

"ದಿನಾ ಮ್ಯಾಲ ಹೊಸಾವು ಬೀಳಾಕತ್ರ?"

"ಅದು ಅಲ್ಲೇ ಕುಂಡ್ರಬೇಕ್ರಿ."

ಅತ್ತೆ ಬೆಳ್ಳುಳ್ಳಿ ಸಿಪ್ಪೆ ಊದಿ ಹಾರಿಸಿದರು. "ಪಾಪ, ಅದೂ ನಮ್ಮಂಥಾದ ಬಿಡು. ಇದನ್ನ ಕಲಿಯಾಕ ಧಾರವಾಡಕ್ಕ ಹೋಗಬೇಕೇನು, ನನ್ನ ಕೇಳಿದ್ರ ಹೇಳ್ತಿದ್ನಿ." ನತ್ತು ಗಟ್ಟಿಯಾಗಿ ನಿಂತಿತ್ತು. ನಾನೂ ನಕ್ಕೆ.

ಅವರಿಗೊಂದು ಕೊರತೆ ಇತ್ತು, ಅದನ್ನು ಅವರೇ ಒಪ್ಪಿಕೊಳ್ಳುತ್ತಿದ್ದರು. ಅವರಿಗೆ ಬಾಯಿ ಮುಚ್ಚಿ ಕೂರಲು ಬರುತ್ತಿರಲಿಲ್ಲ. ಎಮ್ಮೆಯ ಜೊತೆ, ಒಲೆಯ ಜೊತೆ, ಸೋರುವ ಹಂಚಿನ ಜೊತೆ, ಯಾರೂ ಸಿಗದಿದ್ದರೆ ಮಾವನ ಜೊತೆ ಮಾತು ನಡೆದೇ ಇರುತ್ತಿತ್ತು. ಮಾವ ಅಂಚೆ ಕಚೇರಿಯಿಂದ ನಿವೃತ್ತರಾದವರು, ಅತ್ತೆಯ ಪಾಲಿನ ಮೌನವನ್ನೂ ತಾವೇ ನೋಡಿಕೊಳ್ಳುತ್ತಿದ್ದರು. ಪರೀಕ್ಷೆ ಬಂದಾಗ ನಾನು ಪುಸ್ತಕ ಹಿಡಿದು ಕೂತರೆ ಅತ್ತೆ ಎರಡು ನಿಮಿಷ ಸುಮ್ಮನಿದ್ದು, ಮೂರನೆಯದಕ್ಕೆ ತಾವೇ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. "ನಾ ಇದ್ದ ಮನ್ಯಾಗ ಗಿಳಿ ಸೈತ ಓದೂದಿಲ್ಲ," ಎಂದು ಅಲ್ಲಿಂದ ಕೂಗುತ್ತಿದ್ದರು.

ಕೊನೆಯ ಸೆಮಿಸ್ಟರಿಗೆ ಪಾಠವಿಲ್ಲ. ಪ್ರಾಜೆಕ್ಟ್ ಮಾಡಬೇಕು, ಎಂದರೆ ಏನಾದರೊಂದು ಕೆಲಸಕ್ಕೆ ಬರುವ ಪ್ರೋಗ್ರಾಮನ್ನು ನಾವೇ ಬರೆದು, ನಡೆಸಿ ತೋರಿಸಿ, ಪರೀಕ್ಷಕರ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ನಾನು ಬಸ್ಸು ಆರಿಸಿಕೊಂಡೆ. ಯಾವ ಊರಿನಿಂದ ಯಾವ ಊರಿಗೆ ಎಂದು ಕೇಳಿದರೆ ಯಾವ ಬಸ್ಸು ಹಿಡಿಯಬೇಕು, ಎಲ್ಲಿ ಇಳಿದು ಎಲ್ಲಿ ಹತ್ತಬೇಕು ಎಂದು ಹೇಳುವ ಪ್ರೋಗ್ರಾಮು. ಮುಂಡಗೋಡದ ಚಿಗಳ್ಳಿಯವರೊಬ್ಬರು ದಾಂಡೇಲಿ ಪಕ್ಕದ ಕೋಗಿಲಬನದಲ್ಲಿರುವ ಮಗಳ ಮನೆಗೆ ಹೋಗಬೇಕಾದರೆ ನಿಲ್ದಾಣದಲ್ಲಿ ಹತ್ತು ಜನರನ್ನು ಕೇಳಬೇಕು, ಹತ್ತು ಜನ ಹತ್ತು ಥರ ಹೇಳುತ್ತಾರೆ. ನನ್ನ ಪ್ರೋಗ್ರಾಮು ಒಂದೇ ಥರ ಹೇಳಬೇಕೆಂದು ಹಠ.

ಕಾಲೇಜಿನ ಲ್ಯಾಬಿನಲ್ಲಿ ಪಾಳಿ ಸಿಗುವುದೇ ಕಷ್ಟವಾಗಿದ್ದರಿಂದ ನನ್ನ ಯಜಮಾನರು ಹುಬ್ಬಳ್ಳಿಯಿಂದ ಬಿಡಿಭಾಗ ಜೋಡಿಸಿದ ಒಂದು ಕಂಪ್ಯೂಟರ್ ತಂದರು. ಜೀಪಿನಲ್ಲಿ ಮಾನಿಟರ್ ಬಂದಿದ್ದು ಅತ್ತೆಯ ತೊಡೆಯ ಮೇಲೆ. ಅವರು ಅದಕ್ಕೆ ಪೆಟಗಿ ಎಂದು ಹೆಸರಿಟ್ಟರು. ನಡುಮನೆಯಲ್ಲಿ ಜಾಗ ಮಾಡಿ, ಕುಂಕುಮ ಹಚ್ಚಿ, ಹಳೆಯ ಇಳಕಲ್ ಸೀರೆಯ ತುಂಡು ಹೊದಿಸಿದರು. ಕರೆಂಟು ಹೋದಾಗ ಯುಪಿಎಸ್ ಕುಂಯ್‌ಗುಡತೊಡಗಿದರೆ ಎಲ್ಲಿದ್ದರೂ ಓಡಿಬರುವರು. "ಯವ್ವಾ, ಪೆಟಗಿ ಅಳಾಕತ್ತೈತಿ, ಲಗೂನ ಬಾ." ಪ್ರೋಗ್ರಾಮು ತಕ್ಕಮಟ್ಟಿಗೆ ನಡೆಯತೊಡಗಿದ ದಿನ ಮೊದಲು ಅವರನ್ನೇ ಕರೆದು, ಯಾವ ಊರಿನದು ಕೇಳೋಣ ಎಂದೆ. ಧಾರವಾಡ, ಹುಬ್ಬಳ್ಳಿ, ಬೆಳಗಾವಿ ಎನ್ನುತ್ತಾರೆ ಎಂದುಕೊಂಡಿದ್ದೆ.

"ಸಾಂಬ್ರಾಣಿ," ಎಂದರು.

ಸಾಂಬ್ರಾಣಿ ಅವರ ತವರು. ಹಳಿಯಾಳದಿಂದ ಬಸ್ಸು ಹತ್ತಿ ಟಿಕೀಟು ತೆಗೆಯುವಷ್ಟರಲ್ಲಿ ಬರುವ ಊರು. ಅದಕ್ಕೆ ಪ್ರೋಗ್ರಾಮು ಯಾಕೆ ಬೇಕು ಎಂದು ನಕ್ಕು, ಹಾಕಿ ತೋರಿಸಿದೆ. ತೆರೆಯ ಮೇಲೆ ಊರಿನ ಹೆಸರು ಮೂಡಿದ್ದನ್ನು ಅವರು ಸೆರಗಿನಿಂದ ಕನ್ನಡಕ ಒರೆಸಿಕೊಂಡು ಎರಡನೇ ಸಲ ನೋಡಿದರು.

ಎಲ್ಲ ಸರಿಯಾಗಿ ನಡೆದಿತ್ತು. ಅಷ್ಟರಲ್ಲಿ ಆಷಾಢ ಬಂತು.

ಹೊಸದಾಗಿ ಮದುವೆಯಾದವಳು ಮೊದಲ ಆಷಾಢದಲ್ಲಿ ಅತ್ತೆಯ ಮನೆಯಲ್ಲಿ ಇರುವಂತಿಲ್ಲ. ಅತ್ತೆ ಸೊಸೆ ಆ ತಿಂಗಳು ಒಂದೇ ಹೊಸ್ತಿಲು ದಾಟಬಾರದು. ತವರಿನವರು ಬಂದು ಕರೆದೊಯ್ಯಬೇಕು. ಇದು ಗೊತ್ತಿಲ್ಲದ್ದೇನಲ್ಲ, ಆದರೆ ಕಾಲೇಜಿನವರು ಪಂಚಾಂಗ ನೋಡಿ ತಾರೀಖು ಇಡುವುದಿಲ್ಲವಲ್ಲ. ಪ್ರಾಜೆಕ್ಟ್ ಒಪ್ಪಿಸುವುದು, ಮೌಖಿಕ ಪರೀಕ್ಷೆ, ಎರಡೂ ಆಷಾಢದ ಕೊನೆಗೇ ಬಿದ್ದವು. ಕೆಲಸ ಇನ್ನೂ ಕಾಲುಭಾಗ ಉಳಿದಿತ್ತು. ಜೋಯಿಡಾದ ನಮ್ಮ ಮನೆಯಲ್ಲಿ ಮಳೆ ಹಿಡಿಯಿತೆಂದರೆ ಕರೆಂಟು ದಿನಗಟ್ಟಲೆ ಬರುವುದಿಲ್ಲ, ಬಂದರೂ ಬಲ್ಬು ಮಿಣುಕುವಷ್ಟೇ. ಆ ರಸ್ತೆಯಲ್ಲಿ ಕಂಪ್ಯೂಟರು ಒಯ್ದರೆ ಬಿಡಿಭಾಗಗಳು ಮತ್ತೆ ಬಿಡಿಯಾಗಿಯೇ ಮುಟ್ಟುತ್ತಿದ್ದವು. ಧಾರವಾಡದಲ್ಲಿ ಉಳಿಯಲು ಹಾಸ್ಟೆಲ್ ಕೋಣೆಯೂ ಇರಲಿಲ್ಲ. ಈ ಸಲ ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಮದುವೆಯಾದವಳ ಪಾಲಿಗೆ ಇನ್ನೊಂದು ವರ್ಷ ಎಂದರೆ ಏನೆಂದು ನನಗೆ ಗೊತ್ತಿತ್ತು. ನನಗಿಂತ ಹಿರಿಯ ಬ್ಯಾಚಿನಲ್ಲಿ ಹಾಗೆ ಬಿಟ್ಟುಹೋದ ಇಬ್ಬರು ಮತ್ತೆ ಬಂದಿರಲಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆಯ ದಿನ ಅಣ್ಣ ಕರೆಯಲು ಬಂದ. ದೇವರ ಗೂಡಿನಲ್ಲಿ ಅತ್ತೆ ಮಾಡಿಟ್ಟ ಮಣ್ಣಿನ ಎತ್ತುಗಳು ಇನ್ನೂ ಹಸಿಯಾಗಿದ್ದವು. ಊಟವಾದ ಮೇಲೆ ಎಲ್ಲರೂ ನಡುಮನೆಯಲ್ಲಿ ಸೇರಿದರು. ಮಾವನ ಅಕ್ಕನೂ ಬಂದರು. ಅದೇ ಓಣಿಯಲ್ಲಿ ಮಗನ ಮನೆಯಲ್ಲಿದ್ದ ಅವರನ್ನು ಓಣಿಯೆಲ್ಲ ದೊಡ್ಡಾಯಿ ಎನ್ನುತ್ತಿತ್ತು. ಯಾವ ತಿಂಗಳು ಏನು ಮಾಡಬಾರದು ಎಂಬುದಕ್ಕೆ ಅವರೇ ನಮಗೆ ಕೋರ್ಟು, ಅಪೀಲಿಗೆ ಜಾಗವಿರಲಿಲ್ಲ.

ಯಜಮಾನರು ಮೆಲ್ಲಗೆ, ಈ ಸಲ ಪರೀಕ್ಷೆ ಮುಗಿಯುವ ತನಕ ಇಲ್ಲೇ ಇರಲಿ ಎಂದು ನೋಡಿದರು.

"ಮದಲನೇ ಆಷಾಢ ಐತಪಾ," ಎಂದರು ದೊಡ್ಡಾಯಿ. "ಅತ್ತಿ ಸೊಸಿ ಒಂದ ಹೊಸ್ತಲಾ ದಾಟಬಾರದು. ನಾಳೆ ಏನರ ಹೆಚ್ಚುಕಮ್ಮಿ ಆದ್ರ ನಿನ್ನ ಕಂಪೂಟರ್ ಬಂದು ನೋಡತೈತೇನು? ಪರೀಕ್ಷಾ ಮುಂದಿನ ವರ್ಷ ಬರತೈತಿ."

ನಾನು ಬಾಗಿಲ ಮರೆಯಲ್ಲಿದ್ದೆ. ಬಟ್ಟೆ ಆಗಲೇ ಕಟ್ಟಿಟ್ಟಿದ್ದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಗಿತ್ತು. ಅತ್ತೆ ಅಕ್ಕಿ ಆರಿಸುತ್ತಿದ್ದರು. ಅವರು ಇಷ್ಟು ಹೊತ್ತು ಮಾತಾಡದೆ ಕೂತಿದ್ದನ್ನು ನಾನು ನೋಡಿರಲಿಲ್ಲ. ದೊಡ್ಡಾಯಿಯ ಪಕ್ಷಕ್ಕೇ ಸೇರಿದರು ಎಂದುಕೊಂಡೆ.

ಮೊರ ಪಕ್ಕಕ್ಕಿಟ್ಟು ಅವರು ಕೇಳಿದರು. "ಅಕ್ಕಾರ, ಅತ್ತಿ ಸೊಸಿ ಒಂದ ಹೊಸ್ತಲಾ ದಾಟಬಾರದು. ಅಷ್ಟ ಅಲ್ಲೇನ್ರಿ?"

"ಮತ್ತ? ಅಷ್ಟ."

"ಇಬ್ಬರಾಗ ಒಬ್ಬಾಕಿ ತವರಿಗೆ ಹೋದ್ರ ಶಾಸ್ತ್ರ ಮುಗೀತು?"

"ಒಬ್ಬಾಕಿ ಅಂದ್ರ ಏನು? ಸೊಸಿ ಹೋಗಬೇಕು. ಸೊಸಿ ಹೋಗೂದು ಪದ್ಧತಿ."

"ನಾನೂ ಈ ಮನಿಗೆ ಸೊಸಿ ಆಗೇ ಬಂದಾಕಿರಿ," ಎಂದರು ಅತ್ತೆ. "ನೀವ ಅಲ್ಲೇನ್ರಿ ನನ್ನ ಆರತಿ ಮಾಡಿ ಒಳಗ ಕರಕೊಂಡಾವ್ರು? ನಾ ಹೋಗ್ತೇನಿ."

ಮಾವ ಮೊದಲ ಸಲ ಪೇಪರಿನಿಂದ ತಲೆ ಎತ್ತಿದರು. ದೊಡ್ಡಾಯಿ ಬಾಯಿ ತೆರೆದರು, ಅವರಿಗೆ ತಿಳಿದ ಶಾಸ್ತ್ರದಲ್ಲೆಲ್ಲ ಹುಡುಕಿದರು, ಮುಚ್ಚಿದರು. ನಾನು ನತ್ತು ನೋಡಿದೆ. ಕಲ್ಲಿನಂತೆ ನಿಂತಿತ್ತು. ಅತ್ತೆ ಎದ್ದು ಕೋಣೆಗೆ ಹೋದವರು ಸ್ವಲ್ಪ ಹೊತ್ತಿಗೆ ಚೀಲ ಹಿಡಿದು ಬಂದರು. ಮಡಿಚಿಟ್ಟ ಸೀರೆಗಳು, ಕುಂಕುಮದ ಭರಣಿ, ತಲೆಗೆಣ್ಣೆ ಎಲ್ಲ ಅದರಲ್ಲಿತ್ತು. ಅಷ್ಟು ಬೇಗ ಚೀಲ ಹೇಗೆ ತುಂಬಿತು ಎಂದು ಅಂದು ನನಗೆ ಹೊಳೆಯಲಿಲ್ಲ.

ಅಣ್ಣ ಕಕ್ಕಾಬಿಕ್ಕಿಯಾಗಿ ಎದ್ದು ನಿಂತಿದ್ದ. ಅತ್ತೆ ಅವನ ಕೈಗೆ ಚೀಲ ಕೊಟ್ಟರು. "ತಮ್ಮಾ, ಕರಿಯಾಕ ಬಂದಾಂವ ಬರಿಗೈಲೆ ಹೋಗಬಾರದು. ನಡಿ, ನನ್ನ ಸಾಂಬ್ರಾಣಿಗೆ ಮುಟ್ಟಿಸಿ ಹೋಗು."

ಹೀಗೆ ನನ್ನನ್ನು ಕರೆಯಲು ಬಂದ ಅಣ್ಣ ನನ್ನ ಅತ್ತೆಯನ್ನು ಅವರ ತವರಿಗೆ ಬಿಟ್ಟು ಜೋಯಿಡಾಕ್ಕೆ ಹೋದ. ಅವ್ವನ ಮುಂದೆ ಈ ಸಂಗತಿ ವಿವರಿಸುವಷ್ಟರಲ್ಲಿ ಅವನಿಗೆ ಸಾಕುಸಾಕಾಯಿತಂತೆ.

ಓಣಿಗೆ ಹಬ್ಬವಾಯಿತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಿದ್ದರು, ಈಗ ಎರಡೂ ಕಾಲ ಸೊಸೆಗೇ ಬಂತು ಎಂದು ನೀರಿನ ನಲ್ಲಿಯ ಹತ್ತಿರ ಆಡಿಕೊಂಡರು. ಬಂದು ವರ್ಷ ತುಂಬುವ ಮೊದಲೇ ಅತ್ತೆಯನ್ನು ಹೊರಗೆ ಹಾಕಿದಳು ಎಂದು ದೊಡ್ಡಾಯಿ ಸಂಬಂಧಿಕರಿಗೆಲ್ಲ ಮುಟ್ಟಿಸಿದರು. ನನಗೆ ಅಳು ಬರುತ್ತಿತ್ತು, ಆದರೆ ಅಳಲು ಪುರಸೊತ್ತಿರಲಿಲ್ಲ. ಬೆಳಿಗ್ಗೆ ಅಡುಗೆ, ಎಮ್ಮೆ. ಮಧ್ಯಾಹ್ನ ಪೆಟಗಿ. ನನ್ನ ರೊಟ್ಟಿಗಳು ಉತ್ತರ ಕನ್ನಡ ಜಿಲ್ಲೆಯ ನಕಾಶೆಯ ಹಾಗೆ ಬರುತ್ತಿದ್ದವು; ಮಾವ ಒಂದು ಮಾತೂ ಆಡದೆ ತಿಂದರು. ಹುಟ್ಟಿದಾರಭ್ಯ ಒಲೆಯ ಹತ್ತಿರ ಹೋಗದಿದ್ದವರು ಒಂದು ದಿನ ತಾವೇ ಚಹಾ ಮಾಡಿ ತಂದು ಕೀಬೋರ್ಡಿನ ಪಕ್ಕ ಇಟ್ಟರು. ಸಕ್ಕರೆಗೆ ಬದಲು ಉಪ್ಪು ಬಿದ್ದಿತ್ತು. ನಾನೂ ಒಂದು ಮಾತೂ ಆಡದೆ ಕುಡಿದೆ.

ಸಂತೆಯ ದಿನ ಅತ್ತೆ ಬಂದರು. ಹೊಸ್ತಿಲು ದಾಟುವಂತಿಲ್ಲವಲ್ಲ, ಮನೆಯ ಮುಂದಿನ ಕಟ್ಟೆಯ ಮೇಲೆ ಕೊಡೆ ಹಿಡಿದು ಕೂತರು. ನಾನು ಕಿಟಕಿಯ ಒಳಗೆ. ಮಾವ ನಡುವೆ ಓಡಾಡುತ್ತ ರೊಟ್ಟಿಗಂಟು ಒಳಗೆ, ಚಹಾ ಹೊರಗೆ ಸಾಗಿಸಿದರು. ಒಬ್ಬರ ಮನೆಗೆ ಒಬ್ಬರು ಬಾರದ ಬೀಗರ ಹಾಗೆ ಕೂತು ಓಣಿಗೆಲ್ಲ ಕೇಳುವಂತೆ ಮಾತಾಡಿದೆವು.

"ಪೆಟಗಿ ಹೆಂಗೈತಿ?"

"ನಡದೈತ್ರಿ. ಎರಡು ಬಸ್ ಹಿಡಿಯೂ ಹಾದಿ ಬಂದಾವು, ಮೂರು ಬಸ್ಸಿನವು ತಪ್ಪಾಕತ್ತಾವ್ರಿ."

"ಎಲ್ಲಿ, ತೋರಸು."

ಮಾನಿಟರನ್ನು ಕಿಟಕಿಯ ಕಡೆ ತಿರುಗಿಸಿದೆ. ಅವರು ಮಳೆಯಲ್ಲೇ ಎದ್ದು ಬಂದು ಸರಳು ಹಿಡಿದು ನೋಡಿದರು. ತಲೆಯ ತುಂಬ ಅಬ್ಬಲಿಗೆ ಮುಡಿದಿದ್ದರು. ಮುಖ ಮಳೆಗೆ, ಗಾಳಿಗೆ ಕಪ್ಪಾಗಿ ತುಂಬಿಕೊಂಡಿತ್ತು. ಪಾದಗಳಲ್ಲಿ ಗದ್ದೆಯ ಕೆಸರು ಇನ್ನೂ ಇತ್ತು. ನನ್ನ ಸಲುವಾಗಿ ಎಷ್ಟು ಕಷ್ಟಪಡುತ್ತಿದ್ದಾರೆ ಎಂದುಕೊಂಡೆ.

"ಭಾಳ ತ್ರಾಸ ಆತೇನ್ರಿ ಅಲ್ಲಿ?" ಎಂದೆ.

"ನೀ ಓದು," ಎಂದು ಅವರು ಗಡಿಬಿಡಿಯಿಂದ ಕೊಡೆ ಎತ್ತಿಕೊಂಡರು. "ಬಸ್ಸಿನ ಹೊತ್ತಾತು." ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು, ನನ್ನ ಪ್ರೋಗ್ರಾಮೇ ಹಾಗೆ ಹೇಳುತ್ತಿತ್ತು.

ಕೊನೆಗೂ ಮೂರು ಬಸ್ಸಿನ ಹಾದಿ ಕೂಡಿತು. ಚಿಗಳ್ಳಿಯವರು ಎಲ್ಲೂ ದಾರಿ ತಪ್ಪದೆ ಕೋಗಿಲಬನ ಮುಟ್ಟಿದರು. ಫ್ಲಾಪಿಗಳನ್ನು ಡಬ್ಬಿಯಲ್ಲಿಟ್ಟುಕೊಂಡು ಧಾರವಾಡಕ್ಕೆ ಹೋಗಿ ಒಪ್ಪಿಸಿದೆ, ಮೌಖಿಕ ಪರೀಕ್ಷೆಯೂ ಆಯಿತು. ಬಂದಿದ್ದ ಪರೀಕ್ಷಕರು ದಾರಿಗಳನ್ನು ಒಂದೊಂದಾಗಿ ಹಾಕಿಸಿ ನೋಡಿ, ತಮ್ಮ ಊರಿಗೆ ಹೋಗುವ ಬಸ್ಸನ್ನೂ ಕೇಳಿದರು. ಅದು ನಮ್ಮ ಜಿಲ್ಲೆಯದಲ್ಲ ಎಂದು ಪ್ರೋಗ್ರಾಮು ವಿನಯದಿಂದ ಹೇಳಿತು. ಅವರು ನಕ್ಕರು. ನಾನು ಪಾಸಾದೆ, ಒಳ್ಳೆಯ ಅಂಕಗಳೇ ಬಂದವು.

ಶ್ರಾವಣ ಹುಟ್ಟಿದ ದಿನ ಅತ್ತೆ ಮರಳಿದರು. ಬಿಡಲು ಬಂದವರು ಅವರ ತಮ್ಮ. ಆಷಾಢ ಮುಗಿಸಿ ಬರುವ ಹೊಸ ಸೊಸೆಯ ಹಾಗೆ ಉಡಿ ತುಂಬಿಸಿಕೊಂಡು ಬಂದಿದ್ದರು. ಅಕ್ಕಿ, ಕೊಬ್ಬರಿ, ಕುಬಸದ ಕಣ, ಎಲೆ ಅಡಿಕೆ. ಕೈತುಂಬ ಹಸಿರು ಬಳೆ. ನಾನು ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತೆ. ಅತ್ತೆಗೆ ಸೊಸೆ ಆರತಿ ಮಾಡಿ ಒಳಗೆ ಕರೆದುಕೊಳ್ಳುವುದು ಯಾವ ಶಾಸ್ತ್ರದಲ್ಲೂ ಇಲ್ಲ ಎಂದು ದೊಡ್ಡಾಯಿ ತಮ್ಮ ಕಟ್ಟೆಯಿಂದಲೇ ಸಾರಿದರು. ಅತ್ತೆ ತಲೆ ತಗ್ಗಿಸಿ ಮದುಮಗಳ ಹಾಗೆ ನಿಂತಿದ್ದರು, ಭುಜ ಕುಣಿಯುತ್ತಿತ್ತು. ಬಲಗಾಲಿಟ್ಟು ಒಳಗೆ ಬಂದು ಪೆಟಗಿಗೆ ಕೈಮುಗಿದರು. ಅಂದು ನಾವೆಲ್ಲ ನಕ್ಕಷ್ಟು ಆ ಮನೆಯಲ್ಲಿ ಹಿಂದೆ ಯಾರೂ ನಕ್ಕಿರಲಾರರು.

ಅಲ್ಲಿಗೆ ನನ್ನ ಓದು ಮುಗಿಯಿತು. ಮುಗಿಯಬೇಕಿತ್ತು.

ಮುಂದಿನ ಮಳೆಗಾಲದ ಹೊತ್ತಿಗೆ ನಾನು ದಾಂಡೇಲಿಯ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ್ದೆ. ಒಂದು ಸಂಜೆ ಮನೆಗೆ ಬಂದಾಗ ಅತ್ತೆ ಮಣ್ಣಿನ ಎತ್ತು ಮಾಡುತ್ತ ಕೂತಿದ್ದರು. ನನ್ನ ಕಡೆ ನೋಡದೆ ಕೇಳಿದರು.

"ಈ ವರ್ಷ ನಿಂದೇನು ಪರೀಕ್ಷಾ ಇಲ್ಲೇನು?"

"ಎಲ್ಲಿ ಪರೀಕ್ಷಾರಿ? ಹೋದ ವರ್ಷನ ಮುಗೀತಲ್ರಿ."

"ಹೌದಲ್ಲ," ಎಂದರು. ಎತ್ತಿನ ಕೋಡು ಮುರಿದುಹೋಯಿತು. ಅದನ್ನು ಮತ್ತೆ ಅಂಟಿಸುತ್ತ, ನನಗಲ್ಲ ಎತ್ತಿಗೆ ಹೇಳುವವರ ಹಾಗೆ, "ಸಮೀಪದ ತವರು ಸಂಜಿಗೆ ಮುಗೀತೈತಿ," ಎಂದರು.

ಆಮೇಲೆ ಸ್ವಲ್ಪಸ್ವಲ್ಪವಾಗಿ ಹೊರಬಂತು. ಹದಿನಾರಕ್ಕೆ ಮದುವೆಯಾಗಿ ಬಂದವರು. ತವರು ದೂರವಿದ್ದ ಸೊಸೆಯರನ್ನು ತಿಂಗಳುಗಟ್ಟಲೆ ಕಳಿಸುತ್ತಿದ್ದರು. ಸಾಂಬ್ರಾಣಿ ಇಲ್ಲೇ ಇದೆಯಲ್ಲ, ಬೆಳಿಗ್ಗೆ ಹೋಗಿ ಸಂಜೆ ಬಾ ಎನ್ನುತ್ತಿದ್ದರು. ಮೊದಲ ಆಷಾಢದಲ್ಲೂ ಅವರ ಅತ್ತೆಗೆ ಮೈಯಲ್ಲಿ ಹುಷಾರಿಲ್ಲವೆಂದು ನಾಲ್ಕೇ ದಿನಕ್ಕೆ ಕರೆಸಿಕೊಂಡರಂತೆ. ಆಗ ಶಾಸ್ತ್ರ ಅಡ್ಡ ಬರಲಿಲ್ಲ. ಆಮೇಲೆ ಮಕ್ಕಳು, ಎಮ್ಮೆ, ಒಲೆ. ತವರಿನ ಮನೆಯಲ್ಲಿ ಮಲಗಿ ಬೆಳಗು ಕಂಡಿದ್ದೇ ಅಪರೂಪ. ಹೋದ ಆಷಾಢದಲ್ಲಿ, ಅಷ್ಟು ವರ್ಷಗಳ ಮೇಲೆ, ಚಿಕ್ಕಂದಿನಲ್ಲಿ ಮಲಗುತ್ತಿದ್ದ ಅಟ್ಟದ ಕೆಳಗಿನ ಜಾಗದಲ್ಲೇ ಹಾಸಿಕೊಂಡು ಮಲಗಿದರಂತೆ. ಸಿದ್ದಿ ಜನರ ಮನೆಯ ಬಾಲ್ಯದ ಗೆಳತಿಯೊಬ್ಬಳು ಇನ್ನೂ ಊರಲ್ಲಿದ್ದಳು. ಇಬ್ಬರೂ ಹರಟುತ್ತ ನಾಟಿಗೆ ಹೋದರಂತೆ, ಅವಳ ಮನೆಯ ಜೋಕಾಲಿಯಲ್ಲಿ ಜೀಕಿದರಂತೆ. ತಮ್ಮನ ಹೆಂಡತಿ ಬಿಸಿಯಾಗಿ ಮಾಡಿ ಬಡಿಸಿದ್ದನ್ನು ಕೂತಲ್ಲೇ ಕೂತು ಉಂಡರಂತೆ.

"ನಾ ಮಾಡಲಾರದ ರೊಟ್ಟಿ ಎಷ್ಟು ರುಚಿ ಇರ್ತೈತಿ ಅಂತೀ," ಎಂದು ಅವರು ಹೇಳಿದಾಗ ನತ್ತು ಅಲುಗಲೂ ಇಲ್ಲ, ನಿಲ್ಲಲೂ ಇಲ್ಲ. ಕಣ್ಣಲ್ಲಿ ನೀರು ನಿಂತಿತ್ತು. ನನ್ನ ಸಲುವಾಗಿ ಅವರು ತ್ಯಾಗ ಮಾಡಿದರೆಂದು ನಾನು ವರ್ಷವಿಡೀ ಗೆಳತಿಯರ ಮುಂದೆ ಹೇಳಿಕೊಂಡು ತಿರುಗಿದ್ದೆ.

"ಹಂಗಾರ ಈ ವರ್ಷನೂ ಹೋಗ್ರಿ," ಎಂದೆ.

"ಏನಂತ ಹೋಗ್ಲಿ? ಮುದುಕಿಗೆ ಎಂಥಾ ತವರು ಅಂತಾರ. ಸೊಸಿ ಹೊರಗ ಹಾಕಿದ್ಲು ಅಂತ ನಿನ್ನ ಹೆಸರು ಕೆಡಸ್ತಾರ."

ಯೋಚಿಸಿದೆ. ಓಣಿಯವರ ಬಾಯಲ್ಲಿ ನಾನು ಒಂದೋ ಕೆಟ್ಟ ಸೊಸೆ ಆಗಬೇಕು, ಇಲ್ಲವೇ ದಡ್ಡ ಸೊಸೆ. ದಡ್ಡತನ ಹಗುರ ಎನಿಸಿತು. "ಒಂದು ಪೇಪರ್ ಉಳದೈತ್ರಿ ನಂದು," ಎಂದೆ. "ನೀವು ಮನ್ಯಾಗಿದ್ರ ಓದು ಆಗೂದಿಲ್ಲ. ನೀವ ಹೇಳೀರಲ್ಲ, ಗಿಳಿ ಸೈತ ಓದೂದಿಲ್ಲ ಅಂತ."

ಅತ್ತೆ ನನ್ನನ್ನೇ ನೋಡಿದರು. ನಿಧಾನವಾಗಿ ನತ್ತು ಗಟ್ಟಿಯಾಗಿ ನಿಂತಿತು.

ಅಂದಿನಿಂದ ಪ್ರತಿ ಆಷಾಢಕ್ಕೆ ನನಗೆ ಪರೀಕ್ಷೆ. ಅತ್ತೆ ಚೀಲ ಹಿಡಿದು 'ಪಾಪ, ಸೊಸಿದು ಇನ್ನೂ ಮುಗೀವಲ್ದು' ಎಂದು ಓಣಿಯ ಮನೆಮನೆಗೆ ಹೇಳಿ ಬಸ್ಸು ಹತ್ತುತ್ತಿದ್ದರು. ಪಾಪ ಎನ್ನುವಾಗ ಅವರ ಮುಖದಲ್ಲಿ ಎಂಥ ಸಂಕಟ ಇರುತ್ತಿತ್ತೆಂದರೆ ಒಂದೆರಡು ಸಲ ನನಗೇ ನನ್ನ ಮೇಲೆ ಮರುಕ ಹುಟ್ಟಿತ್ತು. ಪಾಸಾಗದವಳು ಕಾಲೇಜಿನಲ್ಲಿ ಪಾಠ ಹೇಗೆ ಹೇಳುತ್ತಾಳೆ ಎಂದು ಕೇಳಿದವರಿಗೆ, ಹೇಳುವುದು ಬೇರೆ ಬರೆಯುವುದು ಬೇರೆ ಎಂದು ಅತ್ತೆಯೇ ಉತ್ತರ ಕೊಟ್ಟಿದ್ದರು. ಕರಿಯ ಗೌನು ತೊಟ್ಟ ನನ್ನ ಘಟಿಕೋತ್ಸವದ ಫೋಟೊ ಕಂಡರೆ ಅವರಿಗೆ ಪ್ರಾಣ, ಆದರೆ ಪಡಸಾಲೆಯಲ್ಲಿ ಹಾಕುವಂತಿರಲಿಲ್ಲ. ಅಕ್ಕಿಚೀಲ ಇಡುವ ಕತ್ತಲೆ ಕೋಣೆಯಲ್ಲಿ ತೂಗುಹಾಕಿದ್ದರು. ದಿನಾ ಅಕ್ಕಿ ತೆಗೆಯಲು ಹೋದಾಗ ಸೆರಗಿನಿಂದ ಗಾಜು ಒರೆಸಿ ಬರುತ್ತಿದ್ದರು. ನನಗೆ ಮಗಳು ಹುಟ್ಟಿದ ವರ್ಷ ಮಾತ್ರ ಅವರು ಸಾಂಬ್ರಾಣಿಗೆ ಹೋಗಲಿಲ್ಲ. ಬಾಣಂತಿ ಪರೀಕ್ಷೆ ಬರೆಯುತ್ತಾಳೆಂದರೆ ದೊಡ್ಡಾಯಿ ಸೈತ ನಂಬುತ್ತಿರಲಿಲ್ಲ.

ದೊಡ್ಡಾಯಿಗೆ ಮೊದಮೊದಲು ನನ್ನ ಸೋಲು ಬಲು ಖುಷಿ ಕೊಟ್ಟಿರಬೇಕು. ವರ್ಷಗಳು ಕಳೆದಂತೆ ಅದು ಕನಿಕರವಾಯಿತು. ಆಷಾಢದಲ್ಲಿ ಅತ್ತೆ ಇಲ್ಲದಾಗ ಪಲ್ಯದ ಬಟ್ಟಲು ತಂದು, ಸದ್ದು ಮಾಡದೆ ಕಿಟಕಿಯಲ್ಲಿಟ್ಟು ಹೋಗುತ್ತಿದ್ದರು. ನಾನು ಕಣ್ಣಿಗೆ ಬಿದ್ದರೆ, "ಈ ವರ್ಷರ ಪಾಸಾಗು ಬೇ, ಅಕೀ ವನವಾಸ ತಪ್ಪಲಿ," ಎನ್ನುತ್ತಿದ್ದರು. ನಾನು ಪುಸ್ತಕ ತೆರೆದು ತಲೆ ಅಲ್ಲಾಡಿಸುತ್ತಿದ್ದೆ. ವನವಾಸದಲ್ಲಿದ್ದವರು ಅತ್ತ ಅಬ್ಬಲಿಗೆ ಮುಡಿದು ಗೆಳತಿಯ ಜೊತೆ ಕಟ್ಟೆಯ ಮೇಲೆ ಕೂತಿರುತ್ತಿದ್ದರು.

ಅತ್ತೆ ಹೋದದ್ದು ಒಂದು ಚಳಿಗಾಲದಲ್ಲಿ. ಹೆಚ್ಚು ನರಳಲಿಲ್ಲ. ಹಿಂದಿನ ದಿನ ಕೂಡ ಎಮ್ಮೆಯ ಜೊತೆ ಜಗಳವಾಡಿದ್ದರು. ಮನೆ ಒಮ್ಮೆಲೇ ಎಷ್ಟು ಸದ್ದಿಲ್ಲದೆ ಆಯಿತೆಂದರೆ ಮಾವ ಆಗಾಗ ಬಾಗಿಲ ಕಡೆ ನೋಡುತ್ತಿದ್ದರು. ನನ್ನ ಹೆತ್ತವ್ವ ಇನ್ನೂ ಇದ್ದಾಳೆ, ನಾನು ಹಾಗೆ ಹೇಳಬಾರದು, ಆದರೂ ಅಂದು ನಾನು ತಾಯಿಯಿಲ್ಲದವಳಾದೆ.

ದಿನಕರ್ಮಕ್ಕೆ ಓಣಿಯವರೆಲ್ಲ ಬಂದಿದ್ದರು. ಸಾಂಬ್ರಾಣಿಯಿಂದ ಅವರ ತಮ್ಮ, ತಮ್ಮನ ಹೆಂಡತಿ, ಆ ಗೆಳತಿ ಬಂದಿದ್ದರು. ಎಲ್ಲ ಮುಗಿದ ಮೇಲೆ ದೊಡ್ಡಾಯಿ ಗೋಡೆ ಹಿಡಿದು ನನ್ನ ಪಕ್ಕ ಬಂದು ಕೂತರು. ಅವರಿಗೆ ಆಗ ಕಣ್ಣು ಮಂಜು, ಎಂಬತ್ತು ದಾಟಿತ್ತು. ನನ್ನ ಕೈ ಹುಡುಕಿ ಹಿಡಿದುಕೊಂಡರು.

"ಅಕೀ ಹೋಗೂತನಾ ಅದರ ಚಿಂತ್ಯಾಗ ಇದ್ಲು," ಎಂದರು. "ನಿನ್ನ ಪರೀಕ್ಷಾ ಏನಾತ ಬೇ? ಮುಗೀತೇನು?"

ಯಜಮಾನರು ನನ್ನ ಕಡೆ ನೋಡಿದರು. ಇನ್ನು ಹೇಳಬಹುದಿತ್ತು, ಅಕ್ಕಿಯ ಕೋಣೆಯಿಂದ ಫೋಟೊ ತಂದು ಮಡಿಲಲ್ಲಿ ಇಡಬಹುದಿತ್ತು. ಆದರೆ ಆ ತಿಂಗಳುಗಳೆಲ್ಲ ಅತ್ತೆಯವು. ಅವರು ಇಲ್ಲದಾಗ ಅವನ್ನು ಅವರಿಂದ ವಾಪಸು ಕಿತ್ತುಕೊಳ್ಳುವಷ್ಟು ಓದು ನಾನು ಓದಿಲ್ಲ.

"ಇಲ್ಲರಿ ಆಯಿ," ಎಂದೆ. "ಇನ್ನೂ ಒಂದು ಪೇಪರ್ ಉಳದೈತಿ."

ದೊಡ್ಡಾಯಿ ನನ್ನ ಕೈಯನ್ನು ಎರಡೂ ಕೈಯಲ್ಲಿ ಒತ್ತಿದರು.

"ಓದವಾ," ಎಂದರು. "ಬಿಡಬ್ಯಾಡ. ಅಕೀ ಸಲುವಾಗಿ ಓದು."